ಹುಬ್ಬಳ್ಳಿಯಿಂದ ಆನೆಗೊಂದಿಗೆ: ಖಾನಾವಳಿ, ಮಗ್ಗ, ಬಂಡೆಗಳ ದಾರಿ ಹಿಡಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾದಾಮಿ, ಪಟ್ಟದಕಲ್ಲು, ಹಂಪಿ ಎಂದು ಹೊರಟವರಲ್ಲಿ ಹೆಚ್ಚಿನವರು ದೇವಾಲಯಗಳನ್ನಷ್ಟೇ ನೋಡಿ ಹಿಂದಿರುಗುತ್ತಾರೆ. ಆ ದೇವಾಲಯಗಳ ನಡುವಿನ ಊರುಗಳಲ್ಲಿ ಇಂದಿಗೂ ಮಗ್ಗ ಆಡುತ್ತಿದೆ, ಬಣ್ಣದ ಕುಂಚ ಓಡುತ್ತಿದೆ, ಒಲೆಯ ಮುಂದೆ ರೊಟ್ಟಿ ತಟ್ಟುವ ಸದ್ದು ಕೇಳುತ್ತಿದೆ. ಇಲ್ಲಿನ ಎರೆಮಣ್ಣು ಜೋಳವನ್ನೂ ಕೊಟ್ಟಿತು, ಹತ್ತಿಯನ್ನೂ ಕೊಟ್ಟಿತು. ಮರಳುಗಲ್ಲಿನ ಗುಡ್ಡಗಳು ಚಾಲುಕ್ಯರ ಶಿಲ್ಪಿಗಳ ಕೈಗೆ ಸಿಕ್ಕವು. ಊಟ, ಬಟ್ಟೆ, ಕಲ್ಲು ಈ ಮೂರನ್ನೂ ಒಂದೇ ಪ್ರವಾಸದಲ್ಲಿ ಕಾಣಬೇಕು ಎನ್ನುವವರಿಗಾಗಿ ಈ ಉತ್ತರಗಳು.

ದಾರಿ ಯಾವುದು? ಎಷ್ಟು ದಿನ ಬೇಕು?

ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮೂಲಕ ಬಾದಾಮಿ. ಅಲ್ಲಿ ಎರಡು ರಾತ್ರಿ ತಂಗಿ, ಅರ್ಧ ದಿನವನ್ನು ಗುಳೇದಗುಡ್ಡಕ್ಕೆ ಮೀಸಲಿಡಿ. ಮುಂದೆ ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ ದಾಟಿ ಇಳಕಲ್. ಅಲ್ಲಿಂದ ಕುಷ್ಟಗಿ ಮೇಲೆ ಕೊಪ್ಪಳ, ಪಕ್ಕದ ಕಿನ್ನಾಳ, ಕೊನೆಗೆ ಹಂಪಿಯ ಎದುರು ದಡದ ಆನೆಗೊಂದಿ. ಹಿಂದಿರುಗುವಾಗ ಕೊಪ್ಪಳ, ಲಕ್ಕುಂಡಿ, ಗದಗ ಮಾರ್ಗವಾಗಿ ಹುಬ್ಬಳ್ಳಿ ಸೇರಿದರೆ ಬಂದ ದಾರಿಯನ್ನೇ ಮತ್ತೆ ತುಳಿಯಬೇಕಾಗಿಲ್ಲ.

ಐದು ದಿನ ಇದ್ದರೆ ನಿಧಾನವಾಗಿ ನೋಡಬಹುದು. ಮೂರೇ ದಿನ ಇದ್ದರೆ ಆನೆಗೊಂದಿಯನ್ನು ಇನ್ನೊಂದು ಪ್ರವಾಸಕ್ಕೆ ಬಿಟ್ಟು, ಇಳಕಲ್‌ನಿಂದಲೇ ತಿರುಗಿ. ಎಲ್ಲವನ್ನೂ ಮೂರು ದಿನಕ್ಕೆ ತುರುಕಿದರೆ ಮೊದಲು ಕೈಬಿಡುವುದು ಮಗ್ಗ ಮತ್ತು ಊಟ. ಆಮೇಲೆ ಈ ದಾರಿ ಹಿಡಿದದ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್‌ನಿಂದ ಫೆಬ್ರುವರಿ. ಏಪ್ರಿಲ್, ಮೇ ತಿಂಗಳಲ್ಲಿ ಬಾದಾಮಿಯ ಬಂಡೆ ಕಾದು ನಿಂತಿರುತ್ತದೆ, ಮಧ್ಯಾಹ್ನ ಬರಿಗಾಲಿನಲ್ಲಿ ದೇವಾಲಯದ ಅಂಗಳ ದಾಟುವುದೂ ಕಷ್ಟ. ಮಳೆಗಾಲಕ್ಕೂ ಅದರದೇ ಚೆಲುವಿದೆ: ಜೋರು ಮಳೆ ಬಿದ್ದ ದಿನಗಳಲ್ಲಿ ಮಾತ್ರ ಬಾದಾಮಿಯ ಅಕ್ಕ-ತಂಗಿ ಜಲಪಾತ ಗುಡ್ಡದಿಂದ ಅಗಸ್ತ್ಯತೀರ್ಥದ ಕಡೆಗೆ ಧುಮುಕುತ್ತದೆ. ಆದರೆ ಮಲಪ್ರಭಾ ಉಕ್ಕಿದಾಗ ಪಟ್ಟದಕಲ್ಲಿನ ಸುತ್ತಮುತ್ತ ನೀರು ನುಗ್ಗುವುದುಂಟು. ಹೊರಡುವ ಮುನ್ನ ಸುದ್ದಿ ನೋಡಿಕೊಳ್ಳಿ.

ಜನವರಿಯ ಆಸುಪಾಸಿನಲ್ಲಿ, ಬನದ ಹುಣ್ಣಿಮೆಗೆ, ಬನಶಂಕರಿ ಜಾತ್ರೆ. ವಾರಗಟ್ಟಲೆ ನಡೆಯುವ ಈ ಜಾತ್ರೆಗೆ ವೃತ್ತಿ ನಾಟಕ ಕಂಪನಿಗಳು ಬಂದು ಡೇರೆ ಹಾಕುತ್ತವೆ. ರಾತ್ರಿ ನಾಟಕ ನೋಡುವ ಆಸೆ ಇದ್ದರೆ ಇದೇ ಸಮಯ, ಆದರೆ ವಸತಿಯನ್ನು ಬಹಳ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಹುಬ್ಬಳ್ಳಿಯಲ್ಲಿ ನಿಲ್ಲಬೇಕೆ?

ಅರ್ಧ ದಿನ ನಿಲ್ಲಿ. ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. 1957ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಮಾನದಂಡಕ್ಕೆ ಒಪ್ಪುವ ಖಾದಿ ರಾಷ್ಟ್ರಧ್ವಜ ತಯಾರಾಗುತ್ತದೆ. ಧ್ವಜದ ಬಟ್ಟೆಯನ್ನು ಬಾಗಲಕೋಟೆ ಬಳಿಯ ತುಳಸಿಗೇರಿಯಲ್ಲಿ ನೇಯುತ್ತಾರೆ. ಬಣ್ಣ ಹಾಕುವುದು, ಅಳತೆಗೆ ಕತ್ತರಿಸುವುದು, ಅಶೋಕ ಚಕ್ರ ಮುದ್ರಿಸುವುದು, ಹೊಲಿಯುವುದು ಎಲ್ಲ ಬೆಂಗೇರಿಯಲ್ಲಿ. ಕೆಲಸ ಮಾಡುವವರಲ್ಲಿ ಮಹಿಳೆಯರೇ ಹೆಚ್ಚು. ಒಳಗೆ ಹೋಗಿ ನೋಡಲು ಮೊದಲೇ ಅನುಮತಿ ಕೇಳಿ.

ಸಂಜೆಗೆ ಗಿರಮಿಟ್ ಮತ್ತು ಮಿರ್ಚಿ ಭಜಿ. ಗಿರಮಿಟ್ ಕಲಸಿದ ಕೂಡಲೇ ತಿನ್ನಬೇಕಾದದ್ದು. ಕಟ್ಟಿಸಿಕೊಂಡು ಹೋಗಿ ತಿಂದರೆ ಚುರುಮುರಿ ಮೆತ್ತಗಾಗಿ ಅದರ ರುಚಿಯೇ ಹೋಗುತ್ತದೆ. ಧಾರವಾಡ ಪೇಢೆಗೆ ಬೇರೆ ಪರಿಚಯ ಬೇಡ.

ನವಲಗುಂದದಲ್ಲಿ ಏನಿದೆ?

ಜಮಖಾನ. ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ನವಲಗುಂದದ ಜಮಖಾನವನ್ನು ನೇಯುವವರು ಮಹಿಳೆಯರು, ಅವರಲ್ಲಿ ಬಹುಪಾಲು ಮುಸ್ಲಿಂ ಕುಟುಂಬದವರು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಬಣ್ಣದ ಹತ್ತಿ ನೂಲನ್ನು ಕೈಯಿಂದಲೇ ಒಂದೊಂದಾಗಿ ಸೇರಿಸಿ, ಹಣಿಗೆಯಂಥ ಸಲಕರಣೆಯಿಂದ ಕೆಳಕ್ಕೆ ಬಡಿದು ಬಿಗಿಗೊಳಿಸುತ್ತಾರೆ. ನವಿಲು ಮತ್ತು ಪಗಡೆಯ ಹಾಸು ಇಲ್ಲಿನ ಹಳೆಯ ವಿನ್ಯಾಸಗಳು. ಈ ಕೆಲಸ ಬಲ್ಲ ಕೈಗಳು ಈಗ ಬಹಳ ಕಡಿಮೆ. ಕೊಳ್ಳುವ ಮನಸ್ಸಿದ್ದರೆ ಅಳತೆ ಹೇಳಿ ಮುಂಗಡ ಕೊಟ್ಟು ನೇಯಿಸಿಕೊಳ್ಳಿ. ಸಿದ್ಧ ಮಾಲು ಸಿಗಲಿಲ್ಲವೆಂದು ಬೇಸರಿಸಬೇಡಿ.

ಖಾನಾವಳಿಯ ಊಟದಲ್ಲಿ ಏನೇನಿರುತ್ತದೆ?

ಮೊದಲು ರೊಟ್ಟಿ. ಬಿಸಿ ರೊಟ್ಟಿ ಬೇಕೋ ಖಡಕ್ ರೊಟ್ಟಿ ಬೇಕೋ ನೀವೇ ಹೇಳಬೇಕು. ಜೊತೆಗೆ ಒಂದು ಕಾಳಿನ ಪಲ್ಯ, ಹೆಸರೋ ಮಡಿಕೆಯೋ. ಒಂದು ಕಾಯಿಪಲ್ಯ, ಅದೃಷ್ಟವಿದ್ದರೆ ಎಣ್ಣೆಗಾಯಿ ಬದನೆ. ಕೆಲವು ಕಡೆ ಕಡಲೆಹಿಟ್ಟಿನ ಝುಣಕ. ಬದಿಗೆ ಶೇಂಗಾ ಚಟ್ನಿ, ಗುರೆಳ್ಳು ಅಥವಾ ಅಗಸಿ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು, ಹೆಚ್ಚಿದ ಉಳ್ಳಾಗಡ್ಡಿ, ಸೌತೆಕಾಯಿ, ಹಸಿ ಮೆಂತ್ಯ ಸೊಪ್ಪು. ಹೊಲದಲ್ಲಿ ಹಕ್ಕರಿಕೆ ಸೊಪ್ಪು ಸಿಗುವ ದಿನಗಳಲ್ಲಿ ಅದರದ್ದೊಂದು ಹಿಡಿ. ಕೊನೆಗೆ ಅನ್ನ, ಸಾರು, ಮಜ್ಜಿಗೆ. ಹೊಸಬರು ರೊಟ್ಟಿಯ ಹೊತ್ತಿಗೇ ಹೊಟ್ಟೆ ತುಂಬಿಸಿಕೊಂಡು ಅನ್ನವನ್ನು ಬಿಡುವುದೇ ಹೆಚ್ಚು. ಅದರಲ್ಲಿ ತಪ್ಪೇನೂ ಇಲ್ಲ.

ಅಡುಗೆಮನೆ ಕಾಣುವಂತಿದ್ದರೆ ಅತ್ತ ಮುಖ ಮಾಡಿ ಕುಳಿತುಕೊಳ್ಳಿ. ಕುದಿಯುವ ನೀರು ಹಾಕಿ ನಾದಿದ ಹಿಟ್ಟಿನ ಉಂಡೆಯನ್ನು ಒಣ ಹಿಟ್ಟಿನ ಮೇಲಿಟ್ಟು, ಒಂದು ಅಂಗೈಯಿಂದ ತಟ್ಟುತ್ತ ಇನ್ನೊಂದು ಕೈಯ ಬೆರಳ ತುದಿಯಿಂದ ತಿರುಗಿಸುತ್ತ ಹೋಗುತ್ತಾರೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಸ್ವಲ್ಪ ಒತ್ತಡ ಹೆಚ್ಚಾದರೂ ಅಂಚು ಬಿರಿಯುತ್ತದೆ. ಅಷ್ಟು ತೆಳ್ಳಗಿನ ಹಾಳೆಯನ್ನು ಹರಿಯದಂತೆ ಎತ್ತಿ ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿ, ತಿರುವಿ ಹಾಕಿ ಅಂಚನ್ನು ಒತ್ತಿದಾಗ ರೊಟ್ಟಿ ಪೂರ್ತಿ ಉಬ್ಬುತ್ತದೆ. ಇದನ್ನು ದಿನಕ್ಕೆ ನೂರಾರು ಬಾರಿ ಮಾಡುವ ಹೆಣ್ಣುಮಕ್ಕಳ ಕೆಲಸವೂ ಮಗ್ಗದ ಕೆಲಸದಷ್ಟೇ ದೊಡ್ಡ ಕಸುಬು ಎಂದು ನಾನು ನಂಬುತ್ತೇನೆ. ಅದಕ್ಕೆ ಭೌಗೋಳಿಕ ಗುರುತೂ ಇಲ್ಲ, ಪ್ರಶಸ್ತಿಯೂ ಇಲ್ಲ. ಊಟ ಚೆನ್ನಾಗಿತ್ತೆಂದು ಗಲ್ಲೆಯ ಮೇಲೆ ಕುಳಿತವರಿಗೆ ಹೇಳುವ ಬದಲು ಒಳಗೆ ತಟ್ಟುತ್ತಿರುವವರಿಗೆ ಹೇಳಿ ಬನ್ನಿ.

ಒಳ್ಳೆಯ ಖಾನಾವಳಿಯನ್ನು ಗುರುತಿಸುವುದು ಹೇಗೆ?

ಹೆದ್ದಾರಿ ಬದಿಯ ದೊಡ್ಡ ಹೋಟೆಲುಗಳಲ್ಲಿ ಅಲ್ಲ, ಊರೊಳಗೆ, ಬಸ್ ನಿಲ್ದಾಣ ಮತ್ತು ಎಪಿಎಂಸಿ ಮಾರುಕಟ್ಟೆಯ ಆಸುಪಾಸಿನಲ್ಲಿ ಹುಡುಕಿ. ಮಾಲು ತಂದ ರೈತರು, ಲಾರಿ ಚಾಲಕರು, ಕಚೇರಿಯ ಕೆಲಸಕ್ಕೆ ಬಂದ ಹಳ್ಳಿಯವರು ಕುಳಿತು ಉಣ್ಣುವ ಜಾಗದಲ್ಲಿ ರೊಟ್ಟಿ ಬಿಸಿಯಾಗಿಯೇ ಇರುತ್ತದೆ. ಮಧ್ಯಾಹ್ನದ ಊಟಕ್ಕೆ ಒಂದು ಗಂಟೆಯ ಸುಮಾರಿಗೆ ಹೋಗಿ. ಮೂರು ದಾಟಿದ ಮೇಲೆ ಪಲ್ಯ ಮುಗಿದಿರುತ್ತದೆ, ಇಲ್ಲವೆ ಒಲೆ ಆರಿರುತ್ತದೆ. ಪ್ರವಾಸದ ವೇಳಾಪಟ್ಟಿಯನ್ನು ಊಟದ ಹೊತ್ತಿನ ಸುತ್ತ ಹೆಣೆಯಿರಿ.

ಫಲಕದ ಮೇಲೆ ‘ಸಾವಜಿ ಖಾನಾವಳಿ’ ಎಂದಿದ್ದರೆ ಅದು ಮಾಂಸದೂಟ. ಹುಬ್ಬಳ್ಳಿ, ಗದಗ ಭಾಗದಲ್ಲಿ ಸಾವಜಿ ಸಮುದಾಯದ ಮಟನ್ ಅಡುಗೆಗೆ ದೊಡ್ಡ ಹೆಸರಿದೆ. ಖಾರ ಮತ್ತು ಮಸಾಲೆ ಎರಡೂ ಜೋರು. ಸಸ್ಯಾಹಾರಿಗಳು ‘ಲಿಂಗಾಯತ ಖಾನಾವಳಿ’ ಅಥವಾ ‘ಬಸವೇಶ್ವರ ಖಾನಾವಳಿ’ ಎಂದಿರುವಲ್ಲಿಗೆ ಹೋಗುವುದು ವಾಡಿಕೆ.

ಮಕ್ಕಳಿಗೆ ಖಾರ ತಡೆಯುವುದಿಲ್ಲ. ಏನು ಮಾಡುವುದು?

ಬಿಸಿ ರೊಟ್ಟಿಗೆ ಬೆಣ್ಣೆ ಅಥವಾ ತುಪ್ಪ, ಗಟ್ಟಿ ಮೊಸರು, ಜೊತೆಗೆ ಬೆಲ್ಲ ಕೇಳಿ. ಶೇಂಗಾ ಹೋಳಿಗೆ ಸಿಕ್ಕಿದರೆ ಕಟ್ಟಿಸಿಕೊಳ್ಳಿ. ಕೆಲವು ದಿನ ಕೆಡುವುದಿಲ್ಲ.

ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಊಟ ಮಾರುತ್ತಾರಂತೆ, ನಿಜವೆ?

ನಿಜ. ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಬನಶಂಕರಿ ದೇವಸ್ಥಾನದ ಬಳಿ ಸುತ್ತಲಿನ ಹಳ್ಳಿಗಳ ಹೆಂಗಸರು ಮನೆಯಲ್ಲಿ ಮಾಡಿದ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಮೊಸರನ್ನು ಬುಟ್ಟಿಯಲ್ಲಿ ಹೊತ್ತು ತಂದು ಮರದ ನೆರಳಲ್ಲಿ ಬಡಿಸುತ್ತಾರೆ. ನನ್ನ ಮಟ್ಟಿಗೆ ಈ ಇಡೀ ದಾರಿಯ ಅತ್ಯುತ್ತಮ ಊಟ ಇದೇ. ಅವರನ್ನು ‘ಅವ್ವ’, ‘ಅಕ್ಕಾರ’ ಎಂದು ಮಾತನಾಡಿಸಿ. ಎರಡನೆಯ ಸಲ ಪಲ್ಯ ಹಾಕುವಾಗ ಕೈ ಧಾರಾಳವಾಗಿರುತ್ತದೆ. ಇಬ್ಬರು ಮೂವರು ಒಟ್ಟಿಗೇ ಕರೆಯುವುದರಿಂದ ಹೊಸಬರಿಗೆ ಗಲಿಬಿಲಿಯಾಗಬಹುದು. ಒಬ್ಬರ ಬಳಿ ಕುಳಿತರೆ ಅಲ್ಲಿಯೇ ಉಂಡೇಳಿ. ಚಿಲ್ಲರೆ ಇಟ್ಟುಕೊಂಡಿರಿ. ಮಂಗಗಳಿವೆ, ತಟ್ಟೆಯಿಂದ ಕಣ್ಣು ತೆಗೆಯಬೇಡಿ.

ಬಾದಾಮಿಯಲ್ಲಿ ಗುಹೆಗಳ ಹೊರತಾಗಿ ಏನು ನೋಡಬೇಕು?

ಗುಹೆಗಳನ್ನು ಬೆಳಿಗ್ಗೆಯೇ ಮುಗಿಸಿ. ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನವಿದೆ, ಅಲ್ಲಿನ ಕಂಬಗಳ ತಲೆಯಿಂದ ಹೊರಚಾಚಿದ ಕೆತ್ತನೆಯ ಚಾಚುಪೀಠಗಳನ್ನು ತಲೆಯೆತ್ತಿ ನೋಡದೆ ಬರಬೇಡಿ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಸಂಜೆಯನ್ನು ಅಗಸ್ತ್ಯತೀರ್ಥದ ದಂಡೆಗೆ ಕೊಡಿ. ಇಳಿಬಿಸಿಲು ಬಿದ್ದಾಗ ಮರಳುಗಲ್ಲಿನ ಗೋಡೆ ಕೆಂಪಾಗುತ್ತದೆ, ಅದರ ನೆರಳು ನೀರಿನಲ್ಲಿ, ನೀರಿನಂಚಿಗೆ ಭೂತನಾಥ ದೇವಾಲಯ. ಅಲ್ಲಿಂದ ಸ್ವಲ್ಪ ದೂರದ ತಟ್ಟುಕೋಟಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ನಮಗೆ ತಿಳಿದಿರುವ ಅತಿ ಹಳೆಯ ಕನ್ನಡ ತ್ರಿಪದಿಗಳು ಇರುವುದು ಆ ಬಂಡೆಯಲ್ಲಿ. ಕನ್ನಡ ಓದುವ ಪ್ರತಿಯೊಬ್ಬರೂ ಒಮ್ಮೆ ಅದರ ಮುಂದೆ ನಿಲ್ಲಬೇಕು. ಪ್ರವಾಸಿ ಬಸ್ಸುಗಳು ಅಲ್ಲಿಗೆ ಹೋಗುವುದೇ ಅಪರೂಪ.

ಪಟ್ಟದಕಲ್ಲಿಗೆ ಹೋಗುವ ದಾರಿಯಲ್ಲಿ ಮಹಾಕೂಟವಿದೆ. ಗುಡ್ಡದ ಮಡಿಲಲ್ಲಿ ಸದಾ ಒರತೆಯ ನೀರು ತುಂಬಿದ ಕೊಳ, ಸುತ್ತ ಚಾಲುಕ್ಯರ ಗುಡಿಗಳು, ನೀರಿಗೆ ಹಾರುವ ಹುಡುಗರು. ಪಟ್ಟದಕಲ್ಲು 1987ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಪತಿ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಐಹೊಳೆಯ ಮೇಗುಟಿ ಗುಡ್ಡದ ಮೇಲೆ ಕವಿ ರವಿಕೀರ್ತಿಯ 634ರ ಶಾಸನ.

ಗುಳೇದಗುಡ್ಡದಲ್ಲಿ ಮಗ್ಗ ನೋಡಲು ಬಿಡುತ್ತಾರೆಯೆ?

ಕೇಳಿದರೆ ಬಿಡುತ್ತಾರೆ. ಗುಳೇದಗುಡ್ಡದ ಖಣ ಎಂದರೆ ಕುಪ್ಪಸದ ಬಟ್ಟೆ. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದಲ್ಲಿ ಉಡಿ ತುಂಬುವುದಕ್ಕೆ, ಮದುವೆ, ಸೀಮಂತಕ್ಕೆ ಅದು ಬೇಕೇ ಬೇಕು. ಮಗ್ಗಗಳು ಮನೆಯೊಳಗೇ ಇರುತ್ತವೆ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರ ಕಾಲಿನಿಂದ ಹಲಗೆ ತುಳಿಯುತ್ತ, ಕೈಯಿಂದ ಲಾಳಿ ಓಡಿಸುತ್ತ, ಹೊಳೆಯುವ ಬಟ್ಟೆಯಲ್ಲಿ ಒಂದೊಂದು ಸಾಲಾಗಿ ಬುಟ್ಟಾ ಮೂಡಿಸುತ್ತಾನೆ. ತ್ರಿಕೋನವಾಗಿ ಮಡಚಿಟ್ಟ ಖಣಗಳ ಸಾಲು ಅಂಗಡಿಯಲ್ಲಿ ಕಂಡರೆ ಬಣ್ಣಗಳ ಮುಂದೆ ಕಾಲು ತಾನಾಗಿಯೇ ನಿಲ್ಲುತ್ತದೆ.

ಈಚೆಗೆ ಖಣದಿಂದ ಸೀರೆ, ಚೀಲ, ದಿಂಬಿನ ಹೊದಿಕೆ, ಪುಸ್ತಕದ ರಟ್ಟು ಎಲ್ಲ ಆಗುತ್ತಿವೆ. ಇದು ಒಳ್ಳೆಯದೇ. ಕುಪ್ಪಸವೊಂದನ್ನೇ ನಂಬಿ ಈ ಮಗ್ಗಗಳು ಉಳಿಯುವ ಕಾಲ ಇದಲ್ಲ.

ಇಳಕಲ್ ಸೀರೆ ಕೈಮಗ್ಗದ್ದೇ ಎಂದು ತಿಳಿಯುವುದು ಹೇಗೆ?

ಸೆರಗು ಮತ್ತು ಒಡಲು ಕೂಡುವ ಜಾಗವನ್ನು ನೋಡಿ. ಇಳಕಲ್ ಸೀರೆಯ ಜೀವ ಇರುವುದು ಅಲ್ಲಿ. ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು) ಸಾಮಾನ್ಯವಾಗಿ ಹತ್ತಿಯದ್ದು, ಸೆರಗಿನ ಹಾಸು ರೇಷ್ಮೆಯದ್ದು ಅಥವಾ ಕೃತಕ ರೇಷ್ಮೆಯದ್ದು. ಈ ಎರಡು ಬೇರೆ ಬೇರೆ ಹಾಸುಗಳ ಎಳೆಗಳನ್ನು ಒಂದರೊಳಗೊಂದು ಕುಣಿಕೆಯಾಗಿ ಸಿಕ್ಕಿಸಿ ಜೋಡಿಸುತ್ತಾರೆ. ಇದಕ್ಕೆ ‘ತೋಪು ತೆನಿ’ ಎನ್ನುತ್ತಾರೆ. ಹೀಗೆ ಜೋಡಿಸಿದ ಹಾಸಿನಿಂದ ಒಂದು ಸೀರೆ ಮಾತ್ರ ಬರುತ್ತದೆ. ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ ಜೋಡಣೆ. ಯಂತ್ರಮಗ್ಗದಲ್ಲಿ ಒಂದೇ ಹಾಸಿನ ಮೇಲೆ ಸಾಲಾಗಿ ಎಳೆಯುವ ಸೀರೆಗಳಿಗೂ ಇದಕ್ಕೂ ಇರುವ ಅಂತರ ಇದು. ಜೋಡಣೆಯ ಗೆರೆಯನ್ನು ಬೆಳಕಿಗೆ ಹಿಡಿದು, ಹಿಂಬದಿಯಿಂದ ಬೆರಳಾಡಿಸಿ ನೋಡಿ. ಅಂಗಡಿಯವರನ್ನು ‘ತೋಪು ತೆನಿ ಎಲ್ಲಿದೆ, ತೋರಿಸಿ’ ಎಂದು ಕೇಳಿದರೆ ಮಾತು ಬೇರೆ ಮಟ್ಟಕ್ಕೆ ಹೋಗುತ್ತದೆ. ಕೈಮಗ್ಗ ಗುರುತಿನ ಚೀಟಿಯನ್ನೂ ಗಮನಿಸಿ.

ಕೆಂಪು ಸೆರಗಿನಲ್ಲಿ ಬಿಳಿ ಎಳೆಯ ಕೋಟೆಯ ತೆನೆಗಳಂಥ ವಿನ್ಯಾಸ, ಗೋಮಿ, ಪರಾಸಪೇಟೆ, ಗಾಡಿ ಎಂದು ಕರೆಯುವ ದಡಿಗಳು (ಅಂಚುಗಳು) ಇಲ್ಲಿನ ಹಳೆಯ ಲಕ್ಷಣಗಳು. ಕಸೂತಿ ಬೇಕಿದ್ದರೆ ಬಟ್ಟೆಯ ಹಿಂಬದಿ ನೋಡುವುದು ಮುಖ್ಯ. ಗವಂತಿ, ಮುರಗಿ ಹೊಲಿಗೆಗಳಲ್ಲಿ ಮುಂದೆ ಕಂಡದ್ದೇ ಹಿಂದೆಯೂ ಕಾಣುತ್ತದೆ, ಗಂಟುಗಳಿರುವುದಿಲ್ಲ. ಹಿಂದೆ ದಾರದ ಗೊಂಚಲು ಕಂಡರೆ ಅದು ಯಂತ್ರದ ಕೆಲಸವಿರಬಹುದು.

ಯಂತ್ರಮಗ್ಗದ ಸೀರೆ ಕೊಳ್ಳುವುದು ತಪ್ಪಲ್ಲ. ಅದು ಯಂತ್ರಮಗ್ಗದ್ದು ಎಂದು ತಿಳಿದು, ಆ ಬೆಲೆಗೆ ಕೊಳ್ಳಬೇಕು.

ನೇಕಾರರ ಬಳಿ ಚೌಕಾಸಿ ಮಾಡಬಹುದೆ?

ದಯವಿಟ್ಟು ಬೇಡ. ಅಂಗಡಿಯಲ್ಲಿ ಎರಡು ಮಾತು ಆಡುವುದು ಬೇರೆ. ಮಗ್ಗದ ಮನೆಯಲ್ಲಿ ಹೇಳಿದ ಬೆಲೆಯ ಹಿಂದೆ ನೂಲಿಗೆ ಬಣ್ಣ ಹಾಕಿದವರ, ಹಾಸು ಹೊಯ್ದವರ, ತೆನಿ ಕೂಡಿಸಿದವರ, ನೇಯ್ದವರ ಕೂಲಿ ಸೇರಿರುತ್ತದೆ. ಬಹಳ ಸಲ ಅದೆಲ್ಲ ಒಂದೇ ಕುಟುಂಬ. ಬೆಲೆ ಹೆಚ್ಚೆನಿಸಿದರೆ ಚಿಕ್ಕದೇನಾದರೂ ಕೊಳ್ಳಿ, ಇಲ್ಲವೆ ಕೈಮುಗಿದು ಹೊರಡಿ. ಏನೂ ಕೊಳ್ಳದೆ ಒಂದು ಗಂಟೆ ಕೆಲಸ ಬಿಡಿಸಿದ್ದರೆ ಆ ಹೊತ್ತಿಗೂ ಬೆಲೆಯಿದೆ ಎಂಬುದು ನೆನಪಿರಲಿ.

ಒಳಗೆ ಫೋಟೊ ತೆಗೆಯಬಹುದೆ?

ಕೇಳಿ ತೆಗೆಯಿರಿ. ಮಗ್ಗದ ಕೋಣೆ ಅವರು ಉಂಡು ಮಲಗುವ ಕೋಣೆಯೂ ಆಗಿರುತ್ತದೆ. ಹೊಸ ವಿನ್ಯಾಸ ನೇಯುತ್ತಿದ್ದರೆ ಬೇಡ ಎನ್ನಬಹುದು, ನಕಲಿನ ಭಯ ಅವರಿಗಿದೆ. ಹಾಸಿನ ಎಳೆಗಳನ್ನು ಮುಟ್ಟಬೇಡಿ. ಒಂದು ಎಳೆ ಕಡಿದರೆ ಅದನ್ನು ಹುಡುಕಿ ಗಂಟು ಹಾಕಲು ಕೆಲಸ ನಿಲ್ಲಿಸಬೇಕಾಗುತ್ತದೆ.

ಅಮೀನಗಡದ ಕರದಂಟಿನಲ್ಲಿ ಏನು ವಿಶೇಷ?

ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ. ಗೋಕಾಕದ್ದೂ ಅಷ್ಟೇ ಪ್ರಸಿದ್ಧ. ಯಾವುದು ಮೇಲು ಎಂಬ ವಾದಕ್ಕೆ ಕೊನೆಯಿಲ್ಲ. ಬಾಣಂತಿಯರಿಗೆ ಕೊಡುವ ತಿನಿಸು, ಆದ್ದರಿಂದ ಒಮ್ಮೆಗೆ ಸಣ್ಣ ತುಂಡು ಸಾಕು.

ಕಿನ್ನಾಳಕ್ಕೆ ಹೋಗುವಷ್ಟು ಹೊತ್ತಿಲ್ಲ. ಬಿಟ್ಟರೆ ನಡೆಯುತ್ತದೆಯೆ?

ಬಿಡಬೇಡಿ. ಕೊಪ್ಪಳದಿಂದ ಹತ್ತಿರ. ಇಲ್ಲಿನ ಚಿತ್ರಗಾರ ಕುಟುಂಬಗಳು ಪೊಳಕಿ ಎಂಬ ಹಗುರ ಮರದಲ್ಲಿ ಗೊಂಬೆ ಮಾಡುತ್ತವೆ. ತಮ್ಮ ಪೂರ್ವಜರು ಹಂಪಿಯ ವಿರೂಪಾಕ್ಷ ಗುಡಿಯ ಮೇಲ್ಛಾವಣಿಗೆ ಚಿತ್ರ ಬರೆದವರು ಎಂಬ ನಂಬಿಕೆ ಅವರಲ್ಲಿದೆ. ಗೌರಿ, ಗರುಡ, ಕಾಮಧೇನು, ಜೊತೆಗೆ ಹಣ್ಣು, ತರಕಾರಿ, ಪ್ರಾಣಿಗಳು ಇಲ್ಲಿ ಮೂಡುತ್ತವೆ.

ಕತ್ತರಿಸಿದ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ನೆನೆಸಿ ಕುಟ್ಟಿದ ಗೋಣಿನಾರು, ಮರದ ಹೊಟ್ಟು ಮತ್ತು ಅದೇ ಅಂಟನ್ನು ಸೇರಿಸಿ ‘ಕಿಟ್ಟ’ ಮಾಡಿ ಬಿರುಕುಗಳನ್ನು ತುಂಬುತ್ತಾರೆ. ಮೇಲೆ ಹತ್ತಿ ಬಟ್ಟೆಯ ಪಟ್ಟಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಆಮೇಲಷ್ಟೇ ಬಣ್ಣ. ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಗೊಂಬೆಯನ್ನು ಕೈಗೆ ತೆಗೆದುಕೊಂಡರೆ ಅದರ ಹಗುರವೇ ಮೊದಲು ಬೆರಗು ಹುಟ್ಟಿಸುತ್ತದೆ. ಈ ಕೆಲಸ ಮಾಡುವ ಮನೆಗಳು ಕೆಲವೇ ಉಳಿದಿವೆ. ದಸರೆಗೆ ಗೊಂಬೆ ಕೂರಿಸುವ ಮನೆಗಳು ವರ್ಷಕ್ಕೊಂದು ಕಿನ್ನಾಳದ ಗೊಂಬೆ ತಂದರೂ ಇಲ್ಲಿನ ಒಲೆಗಳು ಉರಿಯುತ್ತವೆ.

ಆನೆಗೊಂದಿಯಲ್ಲಿ ಹೊತ್ತು ಕಳೆಯುವುದು ಹೇಗೆ?

ಗಂಗಾವತಿ ಸೀಮೆ ಬಂತೆಂದರೆ ಜೋಳದ ಹೊಲ ಮುಗಿದು ಭತ್ತದ ಗದ್ದೆ ಶುರುವಾಗುತ್ತದೆ. ತುಂಗಭದ್ರೆಯ ನೀರು ಊಟದ ತಟ್ಟೆಯನ್ನೇ ಬದಲಾಯಿಸಿದೆ. ದುಂಡುಬಂಡೆಗಳ ನಡುವೆ ಹಸಿರು ಗದ್ದೆ, ಬಾಳೆತೋಟ. ಇಲ್ಲಿನ ಮಹಿಳೆಯರು ಬಾಳೆಯ ದಿಂಡಿನಿಂದ ನಾರು ತೆಗೆದು, ಹುರಿಗೊಳಿಸಿ, ಚೀಲ, ಚಾಪೆ, ಬುಟ್ಟಿ ಹೆಣೆಯುತ್ತಾರೆ. ಗೊನೆ ಕಡಿದ ಮೇಲೆ ಎಸೆಯುವ ದಿಂಡಿನಿಂದ ಇಷ್ಟು ಗಟ್ಟಿ ವಸ್ತು ಬರುತ್ತದೆ.

ಸಾಣಾಪುರದ ಕೆರೆಯಲ್ಲಿ ಹರಿಗೋಲು ಹತ್ತಿ, ಆದರೆ ಜೀವರಕ್ಷಕ ಅಂಗಿ ಕೊಡದಿದ್ದರೆ ಹತ್ತಬೇಡಿ. ತುಂಗಭದ್ರೆಯಲ್ಲಿ ಬಂಡೆಯ ಮೇಲಿಂದ ಹಾರುವುದು ಬೇಡವೇ ಬೇಡ. ನೀರಿನಡಿಯ ಕಲ್ಲು, ಸೆಳವು ಮೇಲಿನಿಂದ ಕಾಣುವುದಿಲ್ಲ.

ಹಿಂದಿರುಗುವ ದಾರಿಯಲ್ಲಿ?

ಲಕ್ಕುಂಡಿ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಕಾಶಿವಿಶ್ವೇಶ್ವರ ಗುಡಿಯ ಸೂಕ್ಷ್ಮ ಕೆತ್ತನೆ, ಮೆಟ್ಟಿಲುಬಾವಿಗಳು. ಚಳಿಗಾಲವಾದರೆ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೂ ಹೋಗಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಬೀಡುಬಿಡುತ್ತವೆ. 2024ರಲ್ಲಿ ಅದು ರಾಮ್ಸಾರ್ ತಾಣ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು.

ಸ್ವಂತ ವಾಹನ ಇಲ್ಲದಿದ್ದರೆ?

ಬಾದಾಮಿಗೆ ರೈಲಿದೆ, ಗದಗ–ವಿಜಯಪುರ ಮಾರ್ಗದಲ್ಲಿ. ಹುಬ್ಬಳ್ಳಿ, ಗದಗ, ಬಾಗಲಕೋಟೆ, ಇಳಕಲ್, ಕೊಪ್ಪಳಕ್ಕೆ ಸಾರಿಗೆ ಬಸ್ಸುಗಳು ಸಾಕಷ್ಟಿವೆ. ಮಹಾಕೂಟ, ಕಿನ್ನಾಳದಂಥ ಊರುಗಳಿಗೆ ಆಟೊ ಮಾತನಾಡಿಕೊಳ್ಳಿ, ಕಾಯುವ ಹೊತ್ತನ್ನೂ ಸೇರಿಸಿ.

ರಸ್ತೆಯಲ್ಲಿ ಎಚ್ಚರ ವಹಿಸಬೇಕಾದದ್ದು?

ರಾತ್ರಿ ಓಡಿಸಬೇಡಿ. ಸುಗ್ಗಿಯಲ್ಲಿ ಒಳರಸ್ತೆಗಳ ಮೇಲೆಯೇ ಬೆಳೆ ಹರಡಿ ಒಕ್ಕುತ್ತಾರೆ. ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು, ಕುರಿಹಿಂಡುಗಳು, ಬಣ್ಣವಿಲ್ಲದ ರಸ್ತೆಯುಬ್ಬುಗಳು ಎದುರಾಗುತ್ತವೆ. ಕುರಿಗಾಹಿ ಹಿಂಡನ್ನು ಬದಿಗೆ ಸರಿಸುವವರೆಗೆ ಹಾರ್ನ್ ಮಾಡದೆ ಕಾಯಿರಿ.

ಕೊಂಡು ತಂದದ್ದನ್ನು ಕಾಪಾಡುವುದು ಹೇಗೆ?

ಇಳಕಲ್ ಸೀರೆಯನ್ನು ಮೊದಲ ಕೆಲವು ಸಲ ಬೇರೆಯಾಗಿಯೇ, ತಣ್ಣೀರಿನಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಕೆಂಪು ಸೆರಗು ಬಣ್ಣ ಬಿಡಬಹುದು. ರೇಷ್ಮೆ ಸೆರಗಿನದ್ದಾದರೆ ಡ್ರೈಕ್ಲೀನ್. ವರ್ಷಕ್ಕೆರಡು ಬಾರಿ ಮಡಿಕೆ ಬದಲಿಸಿ. ಕಿನ್ನಾಳದ ಗೊಂಬೆಗೆ ನೀರು ತಾಗಿಸಬೇಡಿ, ಒಣ ಕುಂಚದಿಂದ ಧೂಳು ಕೊಡವಿದರೆ ಸಾಕು. ಹುಣಸೆ ಬೀಜದ ಅಂಟಿಗೆ ತೇವ ಆಗಿಬರುವುದಿಲ್ಲ. ಜಮಖಾನವನ್ನು ಮಡಚದೆ ಸುತ್ತಿಡಿ. ಕರದಂಟನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಖಡಕ್ ರೊಟ್ಟಿಯನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವಲ್ಲಿಡಿ.